ಕಾಲ್ಚೀಲದ ಗಿರಣಿಗೆ ಏಳು ಸುತ್ತು

ಜೂನ್ 2, ಬುಧವಾರ

ಮತ್ತೆ ಅದೇ. ಆರೂಮುಕ್ಕಾಲಿಗೆ ಕಾರನ್ನು ದಿನಸಿ ಅಂಗಡಿಯ ಹಿಂದೆ ನಿಲ್ಲಿಸಿದೆ. ಕೆಲಸದ ವ್ಯಾನ್ ಬರುವವರೆಗೆ ಸೀಟು ಹಿಂದಕ್ಕೆ ಬಾಗಿಸಿ ತಲೆ ತಗ್ಗಿಸಿ ಕೂತೆ. ಚರ್ಚಿನವರು ಯಾರಾದರೂ ನೋಡಿದರೆ ಹಾಲಿಗೆ ಬಂದೆ ಎನ್ನಬೇಕು. ಅದಕ್ಕೇ ಕಾರಿನಲ್ಲಿ ಒಂದು ಹಾಲಿನ ಕ್ಯಾನ್ ಇಟ್ಟಿದ್ದೇನೆ. ಖಾಲಿಯದು.

ಸಂಜೆ ಪ್ರಾರ್ಥನಾ ಕೂಟ. ಕೋರಿಕೆ ಇದ್ದವರು ಒಬ್ಬೊಬ್ಬರಾಗಿ ಹೇಳುವುದು, ನಾನು ಪಟ್ಟಿ ಬರೆಯುವುದು. ಮಾತಾಡಬೇಕಾಗಿಲ್ಲವಲ್ಲ, ಆ ಕೆಲಸ ನನಗಿಷ್ಟ. ಅಜ್ಜಿಯ ಗೆಳತಿ ವಿಲೊಡೀನ್ ಅವರ ಮಂಡಿನೋವು. ಯಾರದೋ ಅಳಿಯನ ಕುಡಿತ. ಅಜ್ಜಿ ಎಂದಿನಂತೆ ಬಾಯಿ ಬಿಡದೆ ಕೈ ಮಾತ್ರ ಎತ್ತಿದಳು. ‘ಒಲೀಟಾ — ಹೇಳದ ಕೋರಿಕೆ’ ಎಂದು ಬರೆದೆ. ಹಾಗೆ ಕೈ ಎತ್ತಬಹುದು, ಯಾರೂ ಏನೂ ಕೇಳುವಂತಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಪ್ರತಿ ಬುಧವಾರ ಅಜ್ಜಿಯದು ಹೇಳದ ಕೋರಿಕೆ. ನನ್ನಮ್ಮ ಸತ್ತ ದುಃಖಕ್ಕಿರಬೇಕು ಎಂದುಕೊಂಡಿದ್ದೇನೆ.

ಕೊನೆಗೆ ಚರ್ಚಿನ ಹಿರಿಯರಲ್ಲೊಬ್ಬರಾದ ಡೀಕನ್ ಹಾಯ್ಟ್ ಎದ್ದರು. ಈ ಕೌಂಟಿಯ ಸೆಪ್ಟಿಕ್ ಟ್ಯಾಂಕುಗಳನ್ನೆಲ್ಲ ಖಾಲಿ ಮಾಡುವುದು ಅವರ ಕಸುಬು.

“ಹಳೇ ಕಾಲ್ಚೀಲದ ಗಿರಣಿ ಇದೆಯಲ್ಲ, ಅದನ್ನ ಏಪ್ರಿಲಲ್ಲಿ ಯಾರೋ ಬಾಡಿಗೆಗೆ ತಗೊಂಡ್ರು. ಬೋರ್ಡಿಲ್ಲ. ಕಿಟಕಿಗೆಲ್ಲ ಕಾಗದ ಅಂಟಿಸಿದ್ದಾರೆ. ಆದ್ರೆ ಟ್ಯಾಂಕು ಮೂರು ವಾರದಲ್ಲಿ ಎರಡು ಸಲ ತುಂಬಿದೆ. ಇಪ್ಪತ್ತೆಂಟು ವರ್ಷದ ಅನುಭವ ನಂದು. ಒಳಗೆ ನಲವತ್ತು ಜನ ಇದ್ದಾರೆ. ಅದೂ ಮಕ್ಕಳು.”

“ಮಕ್ಕಳು ಅಂತ ಹೆಂಗೆ ಗೊತ್ತಾಯ್ತು ನಿಂಗೆ?” ವಿಲೊಡೀನ್ ಕೇಳಿದರು.

“ಊಟ ಮಾಡ್ಕೊಂಡ್ ಬಂದಿದ್ದೀರಾ? ಹಾಗಿದ್ರೆ ಕೇಳ್ಬೇಡಿ.”

ಎಲ್ಲರೂ ನಕ್ಕರು. ಆಮೇಲೆ ನಗು ತಾನಾಗಿಯೇ ನಿಂತಿತು. “ಕದ್ದ ಮಕ್ಕಳು,” ಎಂದರು ಹಾಯ್ಟ್, ಮೆಲ್ಲಗೆ. ಹಿಂದಿನ ಸಾಲಿನಲ್ಲಿ ಯಾರೋ “ಅಯ್ಯೋ ಯೇಸುವೇ” ಎಂದರು.

ಮೂವತ್ತೆಂಟು. ಹಾಯ್ಟ್ ತಪ್ಪಿದ್ದು ಎರಡರಿಂದ.

ನನ್ನ ಪೆನ್ನು ನಿಂತುಬಿಟ್ಟಿತ್ತು. “ಬರ್ಕೋಳೇ ಸೀಲಾ,” ಎಂದು ಅಜ್ಜಿ ಮೊಣಕೈಯಲ್ಲಿ ತಿವಿದಳು. ಬರೆದೆ. ‘ಗಿರಣಿಯ ಮಕ್ಕಳು.’ ಅವರಿಗೆ ನಾನು ದಿನಾ ಏಳರಿಂದ ಮೂರರವರೆಗೆ ಕತೆ ಓದಿ ಹೇಳುತ್ತೇನೆ ಎಂಬುದನ್ನು ಬರೆಯಲಿಲ್ಲ.

ಜೂನ್ 4, ಶುಕ್ರವಾರ

ಇಲ್ಲಾದರೂ ನೆಟ್ಟಗೆ ಬರೆದಿಡಬೇಕು. ಅವು ಗಡಿ ದಾಟಿ ಒಂಟಿಯಾಗಿ ಬಂದ ಹೆಣ್ಣುಮಕ್ಕಳು. ಈ ದೇಶದಲ್ಲಿ ಎಲ್ಲೋ ಇರುವ ತಾಯಿಯೋ ಚಿಕ್ಕಪ್ಪನೋ ಸಿಕ್ಕಿ, ಕಾಗದಪತ್ರ ಮುಗಿಯುವವರೆಗೆ ಇಲ್ಲಿರುತ್ತವೆ, ಸರ್ಕಾರದ ಪರವಾಗಿ ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. ಜಾಗ ಯಾರಿಗೂ ಹೇಳಕೂಡದು, ಮಕ್ಕಳ ಕ್ಷೇಮಕ್ಕಾಗಿ. ಕೆಲಸಕ್ಕೆ ಸೇರುವಾಗ ಸಹಿ ಮಾಡಿಕೊಟ್ಟಿದ್ದೇನೆ. ಸಾಹಿತ್ಯದ ಡಿಗ್ರಿ, ಎರಡು ವರ್ಷ ಕಲಿತ ಅರೆಬರೆ ಸ್ಪ್ಯಾನಿಷ್ — ಇದನ್ನು ನಂಬಿ ಕೆಲಸ ಕೊಟ್ಟವರು ಇವರೊಬ್ಬರೇ.

ಅಜ್ಜಿಗೆ ಕಾಲೇಜಿನ ಲೈಬ್ರರಿ ಎಂದಿದ್ದೇನೆ. “ಅಂತೂ ಮಾತಾಡಿದ್ರೆ ಬೈಯೋ ಕೆಲಸವೇ ಸಿಕ್ತು ನಿಂಗೆ!” ಎಂದು ಖುಷಿಪಟ್ಟಿದ್ದಳು.

ಇವತ್ತು ತಿಮಿಂಗಿಲ ನುಂಗಿದ ಯೋನನ ಕತೆ ಓದಿದೆ. ಸಂಸ್ಥೆಯವರೇ ಕೊಟ್ಟ ಚಿತ್ರದ ಪುಸ್ತಕ. ನೊಹೆಮಿ ಕೈ ಎತ್ತಿದಳು. ಒಂಬತ್ತು ವರ್ಷ, ಗ್ವಾಟೆಮಾಲಾದ ಬೆಟ್ಟದೂರಿನವಳು. ತೀರಿಹೋದ ಅಪ್ಪ ಅಲ್ಲಿ ಪಾಸ್ಟರ್ ಆಗಿದ್ದರಂತೆ. ಅಮ್ಮ ನೆಬ್ರಾಸ್ಕಾದ ಮಾಂಸದ ಕಾರ್ಖಾನೆಯಲ್ಲಿ ಇದ್ದಾಳೆ.

“ಟೀಚರ್, ಇದ್ರಲ್ಲಿ ತಿಮಿಂಗಿಲ ನಗ್ತಿದೆ. ಬೈಬಲಲ್ಲಿ ನಗಲ್ಲ.”

“ಹೌದಲ್ವಾ.”

“ನಿಮ್ಮ ಚರ್ಚಲ್ಲಿ ಡ್ರಮ್ ಇದ್ಯಾ?”

“ಇಲ್ಲ. ಪಿಯಾನೋ.”

“ಕೂಗಿ ಪ್ರಾರ್ಥನೆ ಮಾಡ್ತಾರಾ?”

“ಇಲ್ಲ. ಮೆಲ್ಲಗೆ.”

ಪಾಪ ಎನ್ನುವಂತೆ ನನ್ನನ್ನು ನೋಡಿದಳು. “ಮತ್ತೆ ದೇವ್ರಿಗೆ ಹೇಗೆ ಕೇಳ್ಸತ್ತೆ?”

ಜೂನ್ 13, ಭಾನುವಾರ

ಆರಾಧನೆ ಮುಗಿಸಿ ಬಂದು ಟೊಮೇಟೊ ಸ್ಯಾಂಡ್‌ವಿಚ್. ಅಜ್ಜಿ ಟ್ಯಾಬ್ಲೆಟನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಪ್ರವಾದಿ ಕೋಲ್ಟನ್‌ರ ವಿಡಿಯೊ ಹಾಕಿದಳು. ಅವರ ಹಿಂದೆ ಆಳೆತ್ತರದ ಧ್ವಜ. ಈ ನೆಲವನ್ನು ದೇವರು ನಮ್ಮ ಹಿರಿಯರಿಗೆ, ಬೈಬಲಿನ ವಾಗ್ದಾನದ ನಾಡು ಕಾನಾನಿನಂತೆ, ಕೊಟ್ಟನಂತೆ. ಈಗ ಅದರ ಕೆಳಗೆ ಸುರಂಗ ತೋಡಿ ಮಕ್ಕಳನ್ನು ಬಚ್ಚಿಡುತ್ತಿದ್ದಾರಂತೆ. ಯಾರು? ‘ಅವರು.’ ವಿಡಿಯೊ ಪೂರ್ತಿ ‘ಅವರು’.

“ಅವರಂದ್ರೆ ಯಾರಜ್ಜಿ?”

“ಹೆಸ್ರು ಹೇಳಿದ್ರೆ ವಿಡಿಯೊ ತೆಗೆದ್ಹಾಕ್ತಾರೆ ಕಣೇ.”

“ಯಾರು ತೆಗೆದ್ಹಾಕ್ತಾರೆ?”

“ಅವರೇ!” ಎಂದು, ತನಗೇ ನಗು ಬಂದು, ನನ್ನ ತಟ್ಟೆಗೆ ಇನ್ನೊಂದು ಹೋಳು ಹಾಕಿದಳು. “ನಗು ನಗು. ಓದಿದೋಳು ನೀನು.”

ಬೇರೆಯವರ ಅಜ್ಜಿಯಾಗಿದ್ದರೆ ಕೋಪ ಬರುತ್ತಿತ್ತೇನೋ. ಇವಳು ವಿಡಿಯೊ ನೋಡುವಾಗ ಅಳುತ್ತಾಳೆ. ಕಾಣದ ಮಕ್ಕಳಿಗಾಗಿ, ನಿಜವಾಗಿ, ಏಪ್ರನ್ನಿನ ತುದಿ ಕಚ್ಚಿಕೊಂಡು. ವಿಲೊಡೀನ್ ಜೊತೆ ಸೇರಿ ಕೌದಿ ಹೊಲಿಯುತ್ತಿದ್ದಾಳೆ — ಕೆಂಪು, ಬಿಳಿ, ನೀಲಿ, ನಡುವೆ ನಕ್ಷತ್ರ. ಬಿಡುಗಡೆಯಾದ ಮಕ್ಕಳಿಗೆ ಹೊದಿಸಲು. ಹನ್ನೊಂದು ಮುಗಿದಿವೆ. ಇವನ್ನು ಒಳಗೆ ತಲುಪಿಸುವುದು ನನಗೆ ಎಷ್ಟು ಸುಲಭ.

ಜೂನ್ 22, ಮಂಗಳವಾರ

ಕೊಂಬು ಬಂತು. ನಿಜವಾದ ಟಗರಿನ ಕೊಂಬು, ಪ್ರವಾದಿಯ ಅಂಗಡಿಯಿಂದ ಅಂಚೆಯಲ್ಲಿ. ಪೆಟ್ಟಿಗೆ ಬಿಚ್ಚಿದ ಕೂಡಲೇ ಅಡುಗೆಮನೆ ತುಂಬ ಕೊಟ್ಟಿಗೆ ವಾಸನೆ. ಅಜ್ಜಿ ವಿನಿಗರ್ ಹಾಕಿ ಎರಡು ಸಲ ತೊಳೆದಳು.

ವರಾಂಡದಲ್ಲಿ ಮೊದಲು ಹಾಯ್ಟ್ ಊದಿದರು. ಗಾಳಿ ಮಾತ್ರ. ವಿಲೊಡೀನ್ ಊದಿದರು. ಅವರ ಮೇಲಿನ ಕಟ್ಟುಹಲ್ಲಿನ ಸೆಟ್ಟು ಸಡಿಲವಾಯಿತು. ಆಮೇಲೆ ಅಜ್ಜಿ ತುಟಿ ಒದ್ದೆ ಮಾಡಿಕೊಂಡಳು. ಹೈಸ್ಕೂಲ್ ಬ್ಯಾಂಡಿನಲ್ಲಿ ತುತ್ತೂರಿ ಊದಿದವಳು, ಅರವತ್ತು ವರ್ಷದ ಹಿಂದೆ. ಮೊದಲ ಸಲ ಹೊಟ್ಟೆನೋವು ಬಂದ ಕರುವಿನ ಕೂಗು. ಮೂರನೆಯ ಸಲ... ಹೇಗೆ ಬರೆಯಲಿ. ಬೆಟ್ಟದಿಂದ ತಿರುಗಿ ಬಂತು ಆ ಸ್ವರ. ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಮೈ ಜುಮ್ಮೆಂದಿತು. ಅಜ್ಜಿ ಹದಿನೇಳರ ಹುಡುಗಿಯಂತೆ ಕೆಂಪಾಗಿ ನನ್ನತ್ತ ನೋಡಿದಳು — ಚೆನ್ನಾಗಿತ್ತಾ ಎಂದು. ಚೆನ್ನಾಗಿತ್ತು ಎಂದೆ. ಸುಳ್ಳಲ್ಲ.

ಹಾಯ್ಟ್ ಟೋಪಿ ತೆಗೆದು, “ಒಲೀಟಾ, ಯೆರಿಕೋವಿನ ಗೋಡೆ ಬೀಳಿಸೋಕೆ ಕರ್ತ ನಿಮ್ಮನ್ನೇ ಇಟ್ಟಿದ್ದ,” ಎಂದರು. ಬೈಬಲಿನಲ್ಲಿ ಯೆಹೋಶುವನ ಜನ ಯೆರಿಕೋ ಪಟ್ಟಣವನ್ನು ಸುತ್ತಿ, ಕೊಂಬೂದಿ, ಗೋಡೆ ಕೆಡವಿದ ಹಾಗೆ ಗಿರಣಿಗೆ ಏಳು ಸುತ್ತು, ಕೊಂಬು, ಕೊನೆಗೆ ಜಯಘೋಷ. ದಿನ ಇನ್ನೂ ಗೊತ್ತಾಗಿಲ್ಲ.

ಅಜ್ಜಿ ಬಿಟ್ಟರೆ ಊದಲು ಬರುವವರು ಯಾರೂ ಇಲ್ಲ. ಅವಳು ಹೋಗದಿದ್ದರೆ ಇದು ನಡೆಯುವುದಿಲ್ಲ. ಹೋಗದಂತೆ ಮಾಡಬಲ್ಲವಳು ನಾನೊಬ್ಬಳೇ, ಬಾಯಿ ಬಿಟ್ಟರೆ.

ಜುಲೈ 4, ಭಾನುವಾರ

ಹನ್ನೆರಡು ದಿನ ಏನೂ ಬರೆದಿಲ್ಲ. ಬರೆದರೆ ಹೇಳಬೇಕಾದೀತು ಎಂದೇ.

ಚರ್ಚಿನಲ್ಲಿ ದೇಶಭಕ್ತಿಯ ಆರಾಧನೆ. ಧ್ವಜ ಮೊದಲು ಬಂತು, ಶಿಲುಬೆ ಹಿಂದೆ. ಸೈನ್ಯದಲ್ಲಿದ್ದವರೆಲ್ಲ ಎದ್ದು ನಿಂತರು, ಚಪ್ಪಾಳೆ. ಹಾಯ್ಟ್ ಮೈಕ್ ಹಿಡಿದು ಘೋಷಿಸಿದರು — ಬರುವ ಶನಿವಾರ ಹತ್ತು ಗಂಟೆ, ಗಿರಣಿ.

ಪಾಸ್ಟರ್ ಬ್ರದರ್ ಗೇಲನ್ ಕೆಮ್ಮಿದರು. “ಹಾಯ್ಟ್, ಒಳಗೆ ಏನಿದೆ ಅಂತ ಮೊದ್ಲು ಯಾರಾದ್ರೂ ಹೋಗಿ ಕೇಳಬಹುದಲ್ವಾ? ಬಾಗಿಲು ತಟ್ಟಿ?”

“ಯೆಹೋಶುವ ಬಾಗಿಲು ತಟ್ಟಿದ್ನಾ ಬ್ರದರ್?”

ನಗು, ಆಮೆನ್, ಚಪ್ಪಾಳೆ. ಗೇಲನ್ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಒರೆಸುತ್ತಲೇ ಇದ್ದರು. ಅವರ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನದೇ ಸೈಜು.

ಮಧ್ಯಾಹ್ನ ಕಲ್ಲಂಗಡಿ ಕೊಯ್ಯುತ್ತಾ ಅಜ್ಜಿ ಅಂದಳು: “ಒಳಗೆ ನಮ್ಮೋರು ಒಬ್ಬರಾದ್ರೂ ಇದ್ದಿದ್ರೆ... ಆ ಕೂಸುಗಳಿಗೆ ‘ಹೆದರ್ಬೇಡಿ, ಬರ್ತಿದ್ದೀವಿ’ ಅಂತ ಹೇಳೋಕೆ.”

ಬಾಯಲ್ಲಿ ಕಲ್ಲಂಗಡಿ ಇತ್ತು. ನುಂಗಿದೆ, ಬೀಜ ಸಮೇತ.

ಜುಲೈ 7, ಬುಧವಾರ

ಇವತ್ತು ಹೇಳಬೇಕೆಂದೇ ಬಂದೆ. ಅಜ್ಜಿ ಕೊಂಬಿಗೆ ದಾರ ಕಟ್ಟುತ್ತಿದ್ದಳು, ಕೊರಳಿಗೆ ಹಾಕಿಕೊಳ್ಳಲು.

“ಅಜ್ಜಿ, ಆ ಗಿರಣಿಯಲ್ಲಿ... ಅವು ಅಮ್ಮಂದಿರ ಹತ್ರ ಹೋಗೋಕೆ ಕಾಯ್ತಿರೋ ಮಕ್ಕಳು ಇರಬಹುದಲ್ವಾ?”

ಕೈ ನಿಂತಿತು. “ಯಾರ್ ಹೇಳಿದ್ರು ನಿಂಗೆ?”

“ಲೈಬ್ರರಿಯಲ್ಲಿ... ಯಾರೋ.”

“ಕಾಲೇಜಿನೋರು ಹಾಗೇ ಹೇಳೋದು ಮುದ್ದು. ನಿನ್ನ ಮನಸ್ಸು ಮೆದು, ನಂಬ್ತೀಯ.” ನನ್ನ ಕೆನ್ನೆ ತಟ್ಟಿ ಮತ್ತೆ ದಾರಕ್ಕೆ ಗಂಟು ಹಾಕಿದಳು. ಗಂಟು ಸರಿಯಾಗಿ ಬೀಳುತ್ತಿರಲಿಲ್ಲ, ಅವಳ ಬೆರಳು ಈಚೆಗೆ ನಡುಗುತ್ತದೆ. ನಾನೇ ಹಾಕಿಕೊಟ್ಟೆ. ಗಟ್ಟಿಯಾಗಿ. ಎರಡು ಗಂಟು.

ನಾಚಿಕೆಯಾಗಬೇಕು ನನಗೆ.

ಜುಲೈ 10, ಶನಿವಾರ, ಸಂಜೆ ಐದು

ರಜೆ ಹಾಕಬಹುದಿತ್ತು. ಮಕ್ಕಳ ಜೊತೆ ಇರಬೇಕೆನಿಸಿತು, ಹೋದೆ.

ಹತ್ತಕ್ಕೆ ಸರಿಯಾಗಿ ಬಂದರು. ಎಂಬತ್ತು ಜನ ಇದ್ದಾರು. ಮಡಿಸುವ ಕುರ್ಚಿ, ಐಸ್ ಪೆಟ್ಟಿಗೆ, ಧ್ವಜ. ನಾಲ್ಕೈದು ಗಂಡಸರ ಸೊಂಟದಲ್ಲಿ ಪಿಸ್ತೂಲು. ಶೆರಿಫನ ಕಡೆಯ ಪೊಲೀಸನೊಬ್ಬ ಬೇಲಿಗೊರಗಿ ನಿಂತಿದ್ದ. ವಿಲೊಡೀನ್ ಅವನಿಗೆ ತಣ್ಣನೆಯ ಟೀ ಕೊಟ್ಟರು, ಅವನ ಅಮ್ಮನ ಆರೋಗ್ಯ ವಿಚಾರಿಸಿದರು. ಕಿಟಕಿಯ ಕಾಗದದ ಸೀಳಿನಿಂದ ನೋಡಿದೆ. ಅಜ್ಜಿ ಎಲ್ಲರಿಗಿಂತ ಮುಂದೆ. ಬಿಳಿ ಶೂ. ತುಟಿಗೆ ಬಣ್ಣ.

ಮೊದಲ ಕೊಂಬಿಗೇ ಮೇಲ್ವಿಚಾರಕಿ ಜನೆಲ್ ಕುರ್ಚಿಯ ಮೇಲೆ ಸ್ವೆಟರ್ ಬಿಟ್ಟು ಗೇಟಿಗೆ ಓಡಿದಳು, ಅವಳ ಹಿಂದೆ ಉಳಿದ ಸಿಬ್ಬಂದಿ. “ಅಡುಗೆಮನೆ ಕಡೆ ಪರದೆ ಎಳಿ ಸೀಲಾ!” ಹೋದೆ. ಹೆಚ್ಚೆಂದರೆ ಐದು ನಿಮಿಷ. ದೊಡ್ಡ ಹುಡುಗಿಯರು ಚಿಕ್ಕವರನ್ನು ಊಟದ ಕೋಣೆಗೆ ಕರೆದುಕೊಂಡು ಹೋಗಿದ್ದರು. ಎಣಿಸಿದೆವು. ಮೂವತ್ತೇಳು.

ನೊಹೆಮಿ ಹಲ್ಲು ನೋವೆಂದು ಕೋಣೆಯಲ್ಲೇ ಮಲಗಿದ್ದಳು. ಹಾಸಿಗೆ ಖಾಲಿ. ಹುಡುಕಿದೆ. ಸ್ನಾನದ ಮನೆಯ ಕೊನೆಯ ಮರೆಯಲ್ಲಿ, ಒದ್ದೆ ನೆಲದ ಮೇಲೆ, ಶೂ ಹಾಕಿಕೊಂಡು, ಮಂಡಿಯೂರಿದ್ದಳು. ಕೂಗಿ ಪ್ರಾರ್ಥಿಸುವ ಹುಡುಗಿ ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು.

ನನ್ನನ್ನು ಕಂಡು ಮುಖ ಇನ್ನಷ್ಟು ಕುಗ್ಗಿತು.

“ನಿಮ್ಮನ್ನೂ ಬಿಟ್ಟುಹೋದ್ನಾ ಟೀಚರ್?”

ಮೊದಲು ಅರ್ಥವಾಗಲಿಲ್ಲ. ಹೊರಗೆ ಮತ್ತೆ ಕೊಂಬು ಮೊಳಗಿತು. ಅವಳು ಕಿವಿ ಮುಚ್ಚಿಕೊಂಡಳು. ಆಗ ಹೊಳೆಯಿತು. ಚರ್ಚಿನಲ್ಲಿ ಚಿಕ್ಕಂದಿನಿಂದ ಕೇಳಿದ್ದು — ಕಡೆಯ ದಿನ ತುತ್ತೂರಿಯ ಶಬ್ದವಾಗುತ್ತದೆ, ಕರ್ತನಾದ ಯೇಸು ಬರುತ್ತಾನೆ, ತನ್ನವರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿಕೊಂಡು ಹೋಗುತ್ತಾನೆ. ಉಳಿದವರು ಉಳಿದೇ ಹೋಗುತ್ತಾರೆ. ಇವಳು ತುತ್ತೂರಿ ಕೇಳಿ ಎದ್ದಿದ್ದಾಳೆ. ಕೋಣೆಯಲ್ಲಿ ಯಾರೂ ಇಲ್ಲ. ಮೇಜಿನ ಮೇಲೆ ಹಬೆಯಾಡುವ ಕಾಫಿ. ಕುರ್ಚಿಯಲ್ಲಿ ಜನೆಲ್ ಇಲ್ಲ, ಬರೀ ಸ್ವೆಟರ್.

“ಗಡಿಯಲ್ಲಿ ಸುಳ್ಳು ಹೇಳ್ದೆ ಟೀಚರ್. ವಯಸ್ಸು ಏಳು ಅಂದೆ. ಸಣ್ಣೋರನ್ನ ವಾಪಸ್ ಕಳ್ಸಲ್ಲ ಅಂತ ಯಾರೋ ಹೇಳಿದ್ರು. ಅದಕ್ಕೇ ಬಿಟ್ಟ ನನ್ನ.”

“ಇಲ್ಲ ಕಂದಾ. ಕರ್ತ ಬಂದಿಲ್ಲ. ಅದು ಹೊರಗೆ... ಜನ ಊದ್ತಿರೋದು.”

“ಯಾರು?”

ಅವಳ ಪಕ್ಕ ಒದ್ದೆಯಲ್ಲೇ ಕೂತೆ. ಏಳನೆಯ ಸುತ್ತಿಗೆ ಹೊರಗೆ ಎಂಬತ್ತು ಕಂಠ ಒಟ್ಟಿಗೆ ಜಯ ಎಂದು ಕೂಗಿದವು. ನನ್ನ ಕೈ ಹಿಡಿದಿದ್ದ ಅವಳ ಉಗುರು ಒಳಗಿಳಿಯಿತು. ಈಗಲೂ ನಾಲ್ಕು ಗೆರೆ ಇವೆ.

ಮನೆಗೆ ಬಂದರೆ ಅಜ್ಜಿಯ ತುಟಿ ಊದಿಕೊಂಡಿದೆ, ಐಸ್ ಇಟ್ಟುಕೊಂಡು ನಗುತ್ತಿದ್ದಾಳೆ. “ಏಳೂ ಸುತ್ತು ಕಣೇ! ಒಂದು ಸ್ವರ ತಪ್ಪಲಿಲ್ಲ!” ಎಂದಳು. ತಲೆನೋವೆಂದು ಕೋಣೆಗೆ ಬಂದೆ.

ಜುಲೈ 11, ಭಾನುವಾರ

ಹೇಳಿಬಿಟ್ಟೆ.

ಚರ್ಚಿನಿಂದ ಬಂದು ವರಾಂಡದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದೆವು. ಮುಖ ನೋಡದೆ, ಪಾತ್ರೆಗೆ ಹೇಳಿದ ಹಾಗೆ ಹೇಳಿದೆ. ಲೈಬ್ರರಿ ಸುಳ್ಳು. ಮೂರು ತಿಂಗಳಿಂದ ಗಿರಣಿ. ಮೂವತ್ತೆಂಟು. ನೆಬ್ರಾಸ್ಕಾ. ಸ್ನಾನದ ಮನೆ. ಸ್ವೆಟರ್. ‘ನಿಮ್ಮನ್ನೂ ಬಿಟ್ಟುಹೋದ್ನಾ.’

ಅಜ್ಜಿ ಕಾಯಿ ಮುರಿಯುತ್ತಲೇ ಇದ್ದಳು. ಟಕ್. ಟಕ್. ಆಮೇಲೆ ನಿಂತಿತು.

“ಮೂರು ತಿಂಗಳು ನನ್ನ ಮೇಜಿನ ಮುಂದೆ ಕೂತು ಉಂಡೆ.”

“ಸಹಿ ಹಾಕಿದ್ದೆ ಅಜ್ಜಿ. ಹೇಳೋ ಹಾಗಿರಲಿಲ್ಲ. ಆದ್ರೆ ಅವು ಕದ್ದ ಮಕ್ಕಳಲ್ಲ. ಪ್ರತಿ ಮಗುವಿಗೂ ಫೈಲಿದೆ, ಕಾಗದಪತ್ರ ಇದೆ...”

“ಕಾಗದಪತ್ರ!” ಇಷ್ಟು ವರ್ಷದಲ್ಲಿ ಆ ದನಿ ಕೇಳಿರಲಿಲ್ಲ. “ಕಾಗದದ ವಿಷಯ ನಂಗೆ ಹೇಳ್ಬೇಡ. ನನ್ನ ಹತ್ರಾನೂ ಕಾಗದ ಇತ್ತು. ಹದಿನೇಳು ವರ್ಷ ನಂಗೆ. ಮದ್ವೆ ಆಗಿರ್ಲಿಲ್ಲ. ಚರ್ಚಿನೋರೇ ನಡೆಸ್ತಿದ್ದ ಆಶ್ರಮ. ಇಸ್ತ್ರಿ ಮಾಡಿದ ಕಾಲರಿನ ಹೆಂಗಸ್ರು, ಒಬ್ಬಳಿಗಿಂತ ಒಬ್ಬಳು ಒಳ್ಳೇ ಮಾತಾಡೋಳು. ಸಹಿ ಹಾಕಮ್ಮ, ನಿನ್ನ ಮಗ ಒಳ್ಳೇ ಮನೆಗೆ ಹೋಗ್ತಾನೆ ಅಂದ್ರು. ಮೂರು ದಿನ ಹಾಲು ಕುಡ್ಸಿದ್ದೆ. ನಾಲ್ಕನೇ ದಿನ ತೊಟ್ಟಿಲು ಖಾಲಿ.”

ಕೈಯಲ್ಲಿದ್ದ ಕಾಯನ್ನು ಪಾತ್ರೆಗೆ ಹಾಕಿದೆ.

“ನಿಮ್ಮ ತಾತನಿಗೂ ಹೇಳಿಲ್ಲ. ಅರವತ್ತು ವರ್ಷ ಬುಧವಾರ ಬುಧವಾರ ಕೈ ಎತ್ತಿದ್ದೀನಿ. ಆ ಕೋಲ್ಟನ್ ಪೆದ್ದನೇ ಇರಬಹುದು ಕಣೇ. ಆದ್ರೆ ಮಕ್ಕಳನ್ನ ಕದೀತಾರೆ ಅಂತ ಬಾಯಿ ಬಿಟ್ಟು ಹೇಳಿದ ಮೊದಲ ಮನುಷ್ಯ ಅವನು.”

ಪಾತ್ರೆ ನನ್ನ ಕಡೆ ತಳ್ಳಿ ಎದ್ದಳು. ಬಾಗಿಲಲ್ಲಿ ನಿಂತು, ತಿರುಗದೆ:

“ಕೊಂಬಿನ ಶಬ್ದಕ್ಕೆ... ಕರ್ತ ಬಂದ ಅಂದ್ಕೊಳ್ತಾ ಅದು?”

“ಹೌದು.”

“ತನ್ನ ಬಿಟ್ಟುಹೋದ ಅಂತ.”

“ಹೌದಜ್ಜಿ.”

ಒಳಗೆ ಹೋದಳು. ಉಳಿದ ಕಾಯಿ ನಾನೇ ಬಿಡಿಸಿದೆ. ನನಗೂ ಒಮ್ಮೆ ಹೀಗೆಯೇ ಆಗಿತ್ತು, ಏಳು ವರ್ಷವಿದ್ದಾಗ. ಶಾಲೆಯಿಂದ ಬಂದೆ. ಒಲೆಯ ಮೇಲೆ ಪಾತ್ರೆ ಕುದಿಯುತ್ತಿದೆ, ಬಾಗಿಲಲ್ಲಿ ಅಜ್ಜಿಯ ಚಪ್ಪಲಿ, ಅಜ್ಜಿ ಇಲ್ಲ. ಕರ್ತ ಅವಳನ್ನು ಎತ್ತಿಕೊಂಡು ಹೋದ ಎಂದು ಬೀದಿಯಲ್ಲಿ ಕಿರುಚಿಕೊಂಡು ಓಡಿದ್ದೆ. ಅವಳು ಕೋಳಿಗೂಡಿನಲ್ಲಿದ್ದಳು. ಅಂದಿನಿಂದ ನಾನು ಬರುವ ಹೊತ್ತಿಗೆ ಎಲ್ಲಿದ್ದರೂ ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದಳು, ದನಿ ಕೇಳಲಿ ಎಂದು. ಕೆಟ್ಟ ರಾಗ. ನನಗೆ ಹದಿನೈದಾಗುವವರೆಗೂ ಹಾಡಿದಳು.

ಜುಲೈ 13, ಮಂಗಳವಾರ

ನಿನ್ನೆ ಮನೆಯಲ್ಲಿ ಮಾತಿಲ್ಲ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಟ್ಯಾಬ್ಲೆಟ್ ಮಾತ್ರ ಹಾಕಲಿಲ್ಲ.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಎರಡು ಬಸ್ಸು. ಜಾಗ ಬಯಲಾಗಿದೆ, ಇಲ್ಲಿ ಕ್ಷೇಮವಲ್ಲ, ಬೇರೆ ಕಡೆಗೆ — ಎಲ್ಲಿಗೆಂದು ನಮಗೂ ಹೇಳಲಿಲ್ಲ. ಮಕ್ಕಳಿಗೆ ಒಂದೊಂದು ಚೀಲ. ನೊಹೆಮಿಯ ಕಾಗದ ಇನ್ನೊಂದು ವಾರದಲ್ಲಿ ಮುಗಿಯುತ್ತಿತ್ತು. ಈಗ ಹೊಸ ಜಾಗದಲ್ಲಿ ಮೊದಲಿಂದ ಶುರು. “ತಿಂಗಳಾಗಬಹುದು, ಎರಡೂ ಆಗಬಹುದು,” ಎಂದಳು ಜನೆಲ್.

ನೊಹೆಮಿ ಸಾಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ನೀವು ಬರಲ್ವಾ ಟೀಚರ್?”

“ಇಲ್ಲ ಕಂದಾ. ನನ್ನನ್ನ ಇಲ್ಲೇ...”

ಬಿಟ್ಟುಹೋಗ್ತಿದ್ದಾರೆ ಎನ್ನಲು ಹೊರಟಿದ್ದೆ. ನಿಲ್ಲಿಸಿದೆ. ಅವಳು ತಲೆಯಾಡಿಸಿದಳು, ದೊಡ್ಡವರಂತೆ. ಬಸ್ಸಿನ ಗಾಜು ಕಪ್ಪು. ಯಾವ ಕಿಟಕಿಗೆ ಕೈ ಬೀಸಬೇಕೋ ತಿಳಿಯದೆ ಎಲ್ಲಕ್ಕೂ ಬೀಸಿದೆ.

ಕೆಲಸ ಹೋಯಿತು. ಮಧ್ಯಾಹ್ನ ಮನೆ. ಕಾರನ್ನು ಮನೆಯ ಮುಂದೆಯೇ ನಿಲ್ಲಿಸಿದೆ.

“ಎಲ್ಲಿಗೆ ಕರ್ಕೊಂಡ್ ಹೋದ್ರು?” ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ತಲುಪಿತ್ತು.

“ಹೇಳಿಲ್ಲ.”

“ನೋಡ್ದ್ಯಾ,” ಎಂದಳು. ಗೆದ್ದ ದನಿಯಾಗಿರಲಿಲ್ಲ. “ಆ ಹಲ್ಲುನೋವಿಗೆ ಏನಾದ್ರೂ ಕೊಟ್ರಾ?”

ಜುಲೈ 14, ಬುಧವಾರ

ಪ್ರಾರ್ಥನಾ ಕೂಟಕ್ಕೆ ಕುರ್ಚಿ ಸಾಲಲಿಲ್ಲ. ಹಾಯ್ಟ್ ಮುಖದಲ್ಲಿ ಕ್ರಿಸ್ಮಸ್.

“ಗಿರಣಿ ಖಾಲಿ! ನಿನ್ನೆ ನಾನೇ ಗೇಟಿಂದ ನೋಡ್ಕೊಂಡ್ ಬಂದೆ. ಗೋಡೆ ಬಿತ್ತು, ಸೆರೆಯವರು ಬಿಡುಗಡೆ ಆದ್ರು! ಕೊಂಬು ಊದಿದೋರೇ ಈಗ ಸಾಕ್ಷಿ ಹೇಳ್ಲಿ. ಬನ್ನಿ ಒಲೀಟಾ.”

ಚಪ್ಪಾಳೆ. ಅಜ್ಜಿ ಎದ್ದಳು. ಮುಂದಕ್ಕೆ ಹೋಗಲಿಲ್ಲ, ನನ್ನ ಪಕ್ಕವೇ ನಿಂತಳು, ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡು.

“ಆ ಜಾಗ ಯಾರದೋ ನಂಗೊತ್ತಿಲ್ಲ. ಹಾಯ್ಟ್ ಹೇಳೋದೇ ನಿಜ ಇರಬಹುದು. ಸರ್ಕಾರದೋರ ಮೇಲೆ ನಂಗೆ ನಂಬಿಕೆ ಇಲ್ಲ, ಸಾಯೋವರ್ಗೂ ಬರಲ್ಲ.”

ಆಮೆನ್ ಎಂದರು ಹಲವರು.

“ಆದ್ರೆ ಒಳಗೆ ಒಂದು ಮಗು ಇತ್ತು. ನಮ್ಮ ಥರಾನೇ ಭಕ್ತೆ. ಶನಿವಾರ ನನ್ನ ಕೊಂಬು ಕೇಳಿ, ಕರ್ತ ಬಂದ, ನನ್ನ ಬಿಟ್ಟು ಎಲ್ರನ್ನೂ ಕರ್ಕೊಂಡ್ ಹೋದ ಅಂದ್ಕೊಳ್ತು. ಒದ್ದೆ ನೆಲದಲ್ಲಿ ಕೂತು ತನ್ನ ಪಾಪ ಹುಡುಕ್ತಿತ್ತು. ಒಂಬತ್ತು ವರ್ಷದ್ದು.”

ಚಪ್ಪಾಳೆಗೆ ಎತ್ತಿದ್ದ ಕೈಗಳು ಇಳಿದವು.

“ನಿಮ್ಗೆ ಹೆಂಗೆ ಗೊತ್ತು ಒಲೀಟಾ?” ಹಾಯ್ಟ್ ದನಿ ಒರಟಾಗಿರಲಿಲ್ಲ, ಗಲಿಬಿಲಿಯಾಗಿತ್ತು.

ಅಜ್ಜಿ ನನ್ನ ಕಡೆ ನೋಡಲಿಲ್ಲ. ನನ್ನನ್ನು ಕಾಯಲೆಂದೇ ನೋಡಲಿಲ್ಲ. “ಗೊತ್ತು,” ಎಂದಳು ಅಷ್ಟೇ.

ಎದ್ದೆ. ಹೇಗೆ ಎದ್ದೆನೋ. ಈ ಚರ್ಚಿನಲ್ಲಿ ಹುಟ್ಟಿದಾಗಿನಿಂದ ಗಟ್ಟಿಯಾಗಿ ಒಂದು ವಾಕ್ಯ ಆಡಿದವಳಲ್ಲ. “ನಾನು ಹೇಳಿದ್ದು. ನಾನು ಅಲ್ಲೇ ಕೆಲಸ ಮಾಡ್ತಿದ್ದೆ. ಆ ಮಗು ಹೆಸರು ನೊಹೆಮಿ.” ಎಲ್ಲ ತಲೆಗಳೂ ತಿರುಗಿದ್ದವು. ವಿಲೊಡೀನ್ ಕೈ ಬಾಯಿಗೆ ಹೋಗಿತ್ತು. ಯಾರೋ “ಒಳಗಿನವಳು” ಎಂದರು. ಆ ಮಾತು ಬೆಂಚಿನಿಂದ ಬೆಂಚಿಗೆ ಹೋಗುವುದು ಕೇಳಿಸಿತು.

ಅಜ್ಜಿ ನನ್ನ ಸೊಂಟಕ್ಕೆ ಕೈ ಹಾಕಿ ಹತ್ತಿರ ಎಳೆದುಕೊಂಡಳು. “ಒಳಗಿನವಳೇ,” ಎಂದಳು, ಆ ಸಾಲಿಗೆ ಕೇಳುವಂತೆ. “ನನ್ನ ಮನೆ ಒಳಗಿನವಳು. ಮಾತಾಡೋದಿದ್ರೆ ನನ್ ಜೊತೆ ಆಡಿ.”

ಬ್ರದರ್ ಗೇಲನ್ ವೇದಿಕೆಯಿಂದಿಳಿದು ಬಂದು ಪಟ್ಟಿಯ ಕಾಗದ ತೆಗೆದುಕೊಂಡು, ನಿಂತ ಕಾಲಲ್ಲೇ, ತಮ್ಮ ಕೈಯಿಂದಲೇ ಆ ಹೆಸರು ಬರೆದರು. ಅಕ್ಷರ ಹೇಗೆ ಎಂದು ನನ್ನನ್ನು ಕೇಳಿದರು. ಹೇಳಿದೆ.

ಹತ್ತು ಹನ್ನೆರಡು ಜನ ಪ್ರಾರ್ಥನೆಗೆ ಮುಂಚೆಯೇ ಎದ್ದುಹೋದರು. ಪಾರ್ಕಿಂಗಿನಲ್ಲಿ ಹಾಯ್ಟ್ ತಮ್ಮ ಟ್ರಕ್ಕಿನ ಪಕ್ಕ ಒಂಟಿಯಾಗಿ ನಿಂತಿದ್ದರು. ಟೋಪಿ ಕೈಯಲ್ಲಿ.

ಜುಲೈ 15, ಗುರುವಾರ, ಬೆಳಿಗ್ಗೆ

ಅಡುಗೆಮನೆ ಮೇಜು. ಅಜ್ಜಿ ಬಿಸ್ಕಿಟ್ ತಟ್ಟೆ ಸರಿಸಿ ನನ್ನ ಮುಂದೆ ಕಾಗದ ಇಟ್ಟಳು. “ಬರಿ. ನಿಂಗೆ ಅವಳ ಭಾಷೆ ಬರತ್ತಲ್ಲ.”

“ಎಲ್ಲಿಗೆ ಕಳ್ಸೋದಜ್ಜಿ? ವಿಳಾಸ ಇಲ್ಲ. ಕೇಳಿದ್ರೂ ಕೊಡಲ್ಲ.”

“ಜನೆಲ್ ಅಂದ್ಯಲ್ಲ, ಅವಳ ಬಾಗಿಲು ತಟ್ಟೋಣ. ಕೊಡಲ್ಲ ಅಂದ್ರೆ ಮತ್ತೆ ತಟ್ಟೋಣ. ಬರಿ ಮೊದ್ಲು.”

ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಾಳೆ. ಮರೆಯದಿರಲಿ ಎಂದು ಅವಳ ಮಾತಿನಲ್ಲೇ ಇಲ್ಲೂ ಬರೆದುಕೊಳ್ಳುತ್ತಿದ್ದೇನೆ —

ನೊಹೆಮಿ, ನೀನು ನನ್ನನ್ನ ನೋಡಿಲ್ಲ. ಕರ್ತ ಇನ್ನೂ ಬಂದಿಲ್ಲ ಮಗಾ. ಅವತ್ತು ಊದಿದ್ದು ನಾನು, ಒಬ್ಬಳು ಮುದುಕಿ. ನಿನ್ನನ್ನ ಯಾರೂ ಬಿಟ್ಟುಹೋಗಿಲ್ಲ. ವಯಸ್ಸು ಏಳು ಅಂದಿದ್ದಕ್ಕೆಲ್ಲ ಅವನು ಬಿಟ್ಟುಹೋಗಲ್ಲ. ಹಾಗೆ ಬಿಟ್ಟುಹೋಗೋನಾಗಿದ್ರೆ ನಾನು ಯಾವತ್ತೋ...

“ಯಾವತ್ತೋ — ಆಮೇಲೆ?” ಎಂದೆ.

ಅಜ್ಜಿ ಕಿಟಕಿ ಕಡೆ ನೋಡುತ್ತಿದ್ದಾಳೆ. ತುಟಿಯ ಊತ ಇಳಿದಿದೆ.

“ತಾಳು,” ಎಂದಳು. “ನನ್ನ ಮಗನ ಹೆಸರೂ ಬರಿ. ಮೂರು ದಿನ ನಾನು ಕರೆದ ಹೆಸರು. ಅವನಿಗೆ ನಾನು ಕೊಟ್ಟಿದ್ದು ಅದೊಂದೇ.” ಅರವತ್ತು ವರ್ಷ ಹೇಳದ ಆ ಹೆಸರನ್ನು ಗಟ್ಟಿಯಾಗಿ ಹೇಳಿದಳು, ನಾನು ಬರೆದೆ.